ಉಕ್ಕು ಮತ್ತು ಅಚ್ಚು: ತಾಂತ್ರಿಕ ವಿದ್ವತ್ತಿನಲ್ಲಿ ಪ್ರಕಟಿತ ಪ್ರಬಂಧದ ಸ್ಥಾನ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ವಿದ್ಯಾನಗರವು ಹೆಸರಿಗೆ ತಕ್ಕಂತೆ ವಿದ್ಯಾಸಂಸ್ಥೆಗಳ ನೆಲೆ. 1947ರಲ್ಲಿ ಆರಂಭವಾದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದು ನಿಂತಿರುವುದು ಇಲ್ಲಿಯೇ. ದೇಶದ ಯಾವುದೇ ತಾಂತ್ರಿಕ ವಿದ್ಯಾಕೇಂದ್ರದಲ್ಲಿ ಇಂದು ವಿದ್ವಾಂಸನನ್ನು ಅಳೆಯುವ ಮೊದಲ ಪ್ರಶ್ನೆ, ಆತನ ಎಷ್ಟು ಪ್ರಬಂಧಗಳು ಪ್ರಕಟವಾಗಿವೆ ಎಂಬುದು. ಪ್ರಕಟವಾದ ಪ್ರಬಂಧ ಏನು ಮಾಡುತ್ತದೆ ಎಂಬ ಪ್ರಶ್ನೆ ಅಪರೂಪವಾಗಿ ಕೇಳಿಬರುತ್ತದೆ. ಜಾನಪದದ ಅಭ್ಯಾಸಿಯಾದ ನನಗೆ ಈ ಎರಡನೆಯ ಪ್ರಶ್ನೆಯನ್ನು ಎತ್ತಿಕೊಳ್ಳಲು ಕನ್ನಡ ನೆಲದ್ದೇ ಆದ ಒಂದು ನಿದರ್ಶನವು ಪ್ರೇರಣೆಯಾಗಿದೆ. ಅದು ಉಕ್ಕಿನ ಕಥೆ.

ಮೂಸೆಯಲ್ಲಿ ಕರಗಿಸಿ ಉಕ್ಕು ತಯಾರಿಸುವ ವಿದ್ಯೆ ದಕ್ಷಿಣ ಭಾರತದ ಕುಲುಮೆಗಳಲ್ಲಿ ಶತಮಾನಗಳ ಕಾಲ ಕೈಯಿಂದ ಕೈಗೆ ಸಾಗಿಬಂದಿತು. ಯುರೋಪಿನವರು ಇದನ್ನು 'ವೂಟ್ಸ್' ಎಂದು ಕರೆದರು. ಅದು ನಮ್ಮ 'ಉಕ್ಕು' ಶಬ್ದದ ಅಪಭ್ರಂಶವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳುಹಿಸಿದನು. ಅವುಗಳನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದನು. ಅದರ ಶೀರ್ಷಿಕೆಯು ಈ ಉಕ್ಕನ್ನು ಮುಂಬಯಿಯಲ್ಲಿ ತಯಾರಾದದ್ದೆಂದು ಹೇಳುತ್ತದೆ. ಸಂತೆಯಲ್ಲಿ ಕೇಳಿದ ಹಾಡಿಗೆ ಸಂತೆಯನ್ನೇ ತವರೂರೆಂದು ಬರೆದುಕೊಂಡ ಸಂಗ್ರಾಹಕನ ತಪ್ಪಿನಂತೆಯೇ ಇದೂ. ಪ್ರಬಂಧದ ತೀರ್ಮಾನವೂ ಸರಿಯಾಗಿರಲಿಲ್ಲ. ಈ ಉಕ್ಕು ಅದಿರಿನಿಂದ ನೇರವಾಗಿ ಬಂದುದು, ನಡುವೆ ಮೆದು ಕಬ್ಬಿಣದ ಸ್ಥಿತಿಯನ್ನು ಹಾದುಬಂದುದಲ್ಲ ಎಂದು ಪಿಯರ್ಸನ್ ಊಹಿಸಿದ್ದನು.

ಈ ಊಹೆಯನ್ನು ಅಲುಗಿಸಿದ್ದು ಕುಲುಮೆಯ ಬಳಿಗೇ ಹೋಗಿ ನೋಡಿದವನ ಬರಹ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಉಕ್ಕು ತಯಾರಿಕೆಯ ಕ್ರಮವನ್ನು ವಿವರಿಸಿದ್ದಾನೆ. ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಗೆ ಹಾಕುವುದು, ಜೊತೆಗೆ ತಂಗಡಿಯ ಕಡ್ಡಿಗಳನ್ನೂ ಹಸಿರೆಲೆಗಳನ್ನೂ ಇಡುವುದು, ಬಾಯಿಗೆ ಮಣ್ಣು ಮೆತ್ತಿ ತಿದಿಯೊತ್ತಿ ಕಾಸುವುದು, ಇವು ಅಲ್ಲಿ ದಾಖಲಾಗಿವೆ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಗಿಡವೊಂದು ಲೋಹಶಾಸ್ತ್ರದ ಆಕರದಲ್ಲಿ ಸೇರಿದ್ದು ಹೀಗೆ. ಆ ಕಡ್ಡಿ ಮತ್ತು ಎಲೆಗಳು ಕೇವಲ ಆಚರಣೆಯ ವಸ್ತುಗಳಲ್ಲ, ಕಬ್ಬಿಣಕ್ಕೆ ಇಂಗಾಲವನ್ನು ಒದಗಿಸುವ ಸಾಧನಗಳು ಎಂಬುದು ಇಂದು ಸ್ಪಷ್ಟವಾಗಿದೆ.

ಮುಂದೆ ಮೈಕೆಲ್ ಫ್ಯಾರಡೆ 1819ರಲ್ಲಿ ವೂಟ್ಸನ್ನು ವಿಶ್ಲೇಷಿಸಿ, ಅದರಲ್ಲಿ ಕಂಡ ಅಲ್ಯೂಮಿನಾ ಮತ್ತು ಸಿಲಿಕಾಗಳಲ್ಲಿ ಅದರ ಗುಣದ ಮೂಲವನ್ನು ಹುಡುಕಿದನು. ಅದೂ ದಾರಿ ತಪ್ಪಿದ ಉತ್ತರವೇ. 1823ರಲ್ಲಿ ಫ್ರಾನ್ಸಿನ ಬ್ರೆಯಾಂ ಇಂಗಾಲದ ಕಡೆಗೆ ಬೊಟ್ಟು ಮಾಡಿದನು. ಆದರೂ ಫ್ಯಾರಡೆಯ ತಪ್ಪು ವ್ಯರ್ಥವಾಗಲಿಲ್ಲ. ಆ ಜಾಡಿನಲ್ಲಿಯೇ ಆತ ಜೇಮ್ಸ್ ಸ್ಟೊಡಾರ್ಟನೊಡನೆ 1820 ಮತ್ತು 1822ರಲ್ಲಿ ಮಿಶ್ರ ಉಕ್ಕುಗಳ ಕುರಿತು ಪ್ರಬಂಧಗಳನ್ನು ಪ್ರಕಟಿಸಿದನು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ರಾಬರ್ಟ್ ಹ್ಯಾಡ್‌ಫೀಲ್ಡ್ ಫ್ಯಾರಡೆಯ ಮಾದರಿಗಳನ್ನೇ ಮರುಪರೀಕ್ಷಿಸಿ 1931ರಲ್ಲಿ ಗ್ರಂಥ ಬರೆದನು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಈ ಪ್ರಬಂಧಗಳಲ್ಲಿ ಮೊದಲಿನವು ತಪ್ಪಾಗಿದ್ದವು. ಆದರೂ ವಿದ್ವತ್ತು ಮುಂದುವರಿಯಿತು. ತಪ್ಪು ಅಚ್ಚಾಗಿತ್ತು, ಪರೀಕ್ಷೆಯ ಕ್ರಮವೂ ಜೊತೆಗಿತ್ತು, ಆದ್ದರಿಂದ ಇನ್ನೊಬ್ಬನು ಅದನ್ನು ತಿದ್ದಬಹುದಾಗಿತ್ತು. ಪ್ರಬಂಧದ ನಿಜವಾದ ಮೌಲ್ಯ ಇರುವುದು ಈ ತಿದ್ದಿಸಿಕೊಳ್ಳುವ ಗುಣದಲ್ಲಿ. ಇದಕ್ಕೆ ವಿರುದ್ಧವಾಗಿ, ಕಮ್ಮಾರನ ಅರಿವು ಸರಿಯಾಗಿತ್ತು. ಆದರೆ ಅದು ಕೈಯಲ್ಲಿತ್ತು, ಕುಲುಮೆ ಆರಿದಾಗ ಅದೂ ಆರಿತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಂತಹ ನೆಲೆಗಳಲ್ಲಿ ಉಳಿದ ಮೂಸೆಯ ಚೂರುಗಳಿಂದ ವಿದ್ವಾಂಸರು ಅದನ್ನು ಮತ್ತೆ ಓದಬೇಕಾಯಿತು. ಮೌಖಿಕ ಪರಂಪರೆಯ ಬಗ್ಗೆ ಅಭಿಮಾನವುಳ್ಳ ನಾವು ಈ ನಷ್ಟವನ್ನು ಮುಚ್ಚಿಡಬಾರದು.

ಹಾಗೆಂದು ಅಚ್ಚು ನಿರ್ದೋಷಿಯಲ್ಲ. ಜಾನಪದ ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಹೆಸರು, ಊರು, ವಯಸ್ಸುಗಳಿಲ್ಲದ ಪಾಠವನ್ನು ನಾವು ಅಪೂರ್ಣವೆನ್ನುತ್ತೇವೆ. ಈ ಅಳತೆಗೋಲಿನಿಂದ ನೋಡಿದರೆ 1795ರ ಪ್ರಬಂಧ ಅಪೂರ್ಣವೇ: ಅಲ್ಲಿ ಪರೀಕ್ಷಕನಿದ್ದಾನೆ, ಕಳುಹಿಸಿದವನಿದ್ದಾನೆ, ಮಾಡಿದವನಿಲ್ಲ. ಪ್ರಯೋಗಾಲಯದ ಸಹಾಯಕ, ಕಾರ್ಖಾನೆಯ ಕುಶಲಕರ್ಮಿ ಇಂದಿಗೂ ಪ್ರಬಂಧಗಳ ಲೇಖಕರ ಸಾಲಿನಲ್ಲಿ ಸಿಗುವುದು ವಿರಳ.

ಈ ಹಿನ್ನೆಲೆಯಲ್ಲಿ ನಮ್ಮ ಇತ್ತೀಚಿನ ಲೆಕ್ಕಾಚಾರವನ್ನು ಪರಿಶೀಲಿಸಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮವು ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮುನ್ನ ಒಂದು ಪ್ರಕಟಣೆಯನ್ನು ಕಡ್ಡಾಯಗೊಳಿಸಿತು. 2010ರ ನಿಯಮವು ಅಧ್ಯಾಪಕರ ಬಡ್ತಿಯನ್ನು ಅಂಕಗಳಿಗೆ ಕಟ್ಟಿತು. ಬೇಡಿಕೆಯಿದ್ದಲ್ಲಿ ಸರಕು ಬಂದಿತು. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. 2018ರ ಮೇ ತಿಂಗಳಿನಲ್ಲಿ ಆಯೋಗವೇ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಟ್ಟಿತು. 2022ರಲ್ಲಿ ಪಿಎಚ್.ಡಿ.ಗೆ ಮುನ್ನಿನ ಪ್ರಕಟಣೆಯ ಕಡ್ಡಾಯವೂ ಹೋಯಿತು. ಅನಂತರದ 'ಕೇರ್' ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿ, ಪತ್ರಿಕೆಗಳ ಆಯ್ಕೆಯ ಹೊಣೆಯನ್ನು ಸಂಸ್ಥೆಗಳಿಗೇ ಬಿಡಲಾಯಿತು.

ಪಟ್ಟಿ ಹೋಗಿದೆ, ಹೊಣೆ ಉಳಿದಿದೆ. ಯಾರೂ ಮರುಪರೀಕ್ಷಿಸದ, ಯಾರೂ ತಿದ್ದದ ಪ್ರಬಂಧವು ಎಣಿಕೆಗೆ ಸಿಕ್ಕರೂ ವಿದ್ವತ್ತಿಗೆ ಸೇರುವುದಿಲ್ಲ. ಜಾನಪದದಲ್ಲಿ ಪಾಠಾಂತರಗಳಿಲ್ಲದ ಹಾಡು ಜನರ ನಾಲಗೆಯನ್ನು ಮುಟ್ಟಲಿಲ್ಲವೆಂದೇ ಅರ್ಥ. ತಾಂತ್ರಿಕ ಪ್ರಬಂಧಕ್ಕೂ ಇದೇ ಮಾತು ಸಲ್ಲುತ್ತದೆ. ಕೈಗೂಡದ ಪ್ರಯೋಗವನ್ನೂ ಹೇಳುವ, ಕ್ರಮವನ್ನು ಬಚ್ಚಿಡದ, ಕೈ ನೀಡಿದವರನ್ನು ಹೆಸರಿಸುವ ಒಂದು ಪ್ರಬಂಧವು ಹತ್ತು ಅಂಕಗಳ ಹತ್ತು ಪ್ರಬಂಧಗಳಿಗಿಂತ ಮಿಗಿಲು. ಉಕ್ಕಿನ ಕಮ್ಮಾರನಿಗೆ ಅಚ್ಚಿನ ಅವಕಾಶ ದೊರೆಯಲಿಲ್ಲ. ಆ ಅವಕಾಶ ದೊರೆತಿರುವ ನಾವು ಅದನ್ನು ಎಣಿಕೆಗಷ್ಟೇ ಬಳಸಿದರೆ, ನಮ್ಮ ಕುಲುಮೆಯೂ ಹೊಗೆಯನ್ನಷ್ಟೇ ಉಗುಳೀತು.