ಶಾಟ್‌ಗನ್ ಮೈಕ್: ಬಯಲಿನ ಗುಣ, ಕೋಣೆಯ ದೋಷ

ಕ್ಯಾಮೆರಾದ ಜೂಮ್ ಲೆನ್ಸ್ ದೂರದ ದೃಶ್ಯವನ್ನು ಹತ್ತಿರಕ್ಕೆ ತರುವಂತೆ ಶಾಟ್‌ಗನ್ ಮೈಕ್ ದೂರದ ಮಾತನ್ನು ಎಳೆದು ತರುತ್ತದೆಂಬ ನಂಬಿಕೆ ವಿಡಿಯೋ ಚಿತ್ರೀಕರಣದಲ್ಲಿ ತೊಡಗಿರುವವರಲ್ಲಿ ವ್ಯಾಪಕವಾಗಿದ್ದು, ಸಂದರ್ಶನ, ಪಾಠ, ಕಿರುಚಿತ್ರ ಎಂಬ ಭೇದವಿಲ್ಲದೆ ಎಲ್ಲದಕ್ಕೂ ಅದೇ ಮೈಕನ್ನು ಕೊಳ್ಳುವ ರೂಢಿಗೆ ಈ ನಂಬಿಕೆಯೇ ಆಧಾರವಾಗಿದೆ. ವಾಸ್ತವದಲ್ಲಿ ಶಾಟ್‌ಗನ್ ಮೈಕ್ ಏನನ್ನೂ ಎಳೆದು ತರುವುದಿಲ್ಲ. ಅದು ಅಕ್ಕಪಕ್ಕದಿಂದ ಬರುವ ಸದ್ದನ್ನು ಕುಗ್ಗಿಸುತ್ತದೆ, ಅದನ್ನೂ ಎಲ್ಲ ಸ್ವರಗಳಲ್ಲಿ ಒಂದೇ ಪ್ರಮಾಣದಲ್ಲಿ ಕುಗ್ಗಿಸುವುದಿಲ್ಲ.

ಈ ಮೈಕಿನ ಉದ್ದನೆಯ ಕೊಳವೆಯ ಮೈಮೇಲೆ ಸಾಲಾಗಿ ಸೀಳುಗಳಿರುತ್ತವೆ, ಧ್ವನಿಯನ್ನು ಗ್ರಹಿಸುವ ಕ್ಯಾಪ್ಸೂಲ್ ಕೊಳವೆಯ ಹಿಂಬದಿಯಲ್ಲಿರುತ್ತದೆ. ಎದುರಿನಿಂದ ಬಂದ ಧ್ವನಿ, ಬಾಯಿಯಿಂದ ಹೊಕ್ಕರೂ ಸೀಳಿನಿಂದ ಹೊಕ್ಕರೂ, ಒಂದೇ ವೇಳೆಗೆ ಕ್ಯಾಪ್ಸೂಲನ್ನು ತಲುಪಿ ಒಂದನ್ನೊಂದು ಬಲಪಡಿಸುತ್ತದೆ. ಪಕ್ಕದಿಂದ ಬಂದ ಧ್ವನಿಯಾದರೋ ಎಲ್ಲ ಸೀಳುಗಳನ್ನು ಒಟ್ಟಿಗೆ ಹೊಕ್ಕು, ಬೇರೆ ಬೇರೆ ದೂರ ಸಾಗಿ, ಹಿಂದುಮುಂದಾಗಿ ತಲುಪುವುದರಿಂದ ಅದರ ಉಬ್ಬುತಗ್ಗುಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ಆದ್ದರಿಂದಲೇ ಸೀಳುಗಳನ್ನು ಬೆರಳಿನಿಂದ ಮುಚ್ಚಿ ಹಿಡಿದರೆ ಮೈಕ್ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಈ ಅಳಿಸುವಿಕೆ ಪರಿಣಾಮಕಾರಿಯಾಗಬೇಕಾದರೆ ಧ್ವನಿಯ ತರಂಗದೂರ, ಅಂದರೆ ಒಂದು ಅಲೆಯ ಉಬ್ಬಿನಿಂದ ಮುಂದಿನ ಉಬ್ಬಿನವರೆಗಿನ ಅಂತರ, ಕೊಳವೆಯ ಉದ್ದಕ್ಕಿಂತ ಕಡಿಮೆಯಿರಬೇಕು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆಗಿರುವುದರಿಂದ 25 ಸೆಂಟಿಮೀಟರ್ ಕೊಳವೆ ಸರಿಸುಮಾರು 1,370 ಹರ್ಟ್ಸ್‌ಗಿಂತ ಮೇಲಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಕೆಳಗೆ, ಮಾತಿನ ಶಕ್ತಿಯ ಬಹುಪಾಲು ಇರುವ ಭಾಗದಲ್ಲಿ, ಬಹುಮಟ್ಟಿಗೆ ಕ್ಯಾಪ್ಸೂಲಿನ ಸ್ವಂತ ದಿಕ್ಕುಗ್ರಹಣವೇ ಉಳಿಯುತ್ತದೆ.

1970ರ ದಶಕದಿಂದ ಚಿತ್ರರಂಗದ ಮಾನದಂಡವೆನಿಸಿರುವ ಸೆನ್‌ಹೈಸರ್ ಕಂಪನಿಯ ಎಂಕೆಎಚ್ 416 ಒಟ್ಟು ಉದ್ದದಲ್ಲಿ ಈ ಅಳತೆಯ ಮೈಕ್ ಆಗಿದ್ದು, ಬಯಲಿನಲ್ಲಿ ಅದಕ್ಕೆ ಸಂದಿರುವ ಗೌರವ ನ್ಯಾಯವಾದದ್ದೇ. ಅದರ ಕ್ಯಾಪ್ಸೂಲ್ ರೇಡಿಯೋ ಆವೃತ್ತಿಯ ವಿದ್ಯುತ್ ಮಂಡಲದಲ್ಲಿ ದುಡಿಯುವುದರಿಂದ ತೇವಾಂಶಕ್ಕೆ ಸುಲಭವಾಗಿ ಜಗ್ಗುವುದಿಲ್ಲ, ಕರಾವಳಿಯ ಮಳೆಗಾಲದಲ್ಲಿ ಚಿತ್ರೀಕರಿಸುವವರಿಗೆ ಇದು ಸಣ್ಣ ಅನುಕೂಲವಲ್ಲ. ಬಯಲಿನಲ್ಲಿ ಮಾತನ್ನು ಹಿಂದಕ್ಕೆ ಮರಳಿಸುವ ಗೋಡೆಗಳಿರುವುದಿಲ್ಲ, ಪಕ್ಕದ ರಸ್ತೆಯ ಹಾರ್ನು, ಜನರ ಗಲಾಟೆ ಮಾತ್ರ ಇರುತ್ತದೆ. ಬೂಮ್ ಕೋಲಿನಿಂದ ತಲೆಯ ಮೇಲಿನಿಂದ ಕೆಳಮುಖವಾಗಿ ಹಿಡಿದಾಗ ಆ ಸದ್ದೆಲ್ಲ ಕೊಳವೆಯ ಪಕ್ಕಕ್ಕೆ ಬಿದ್ದು ಕುಗ್ಗುತ್ತದೆ. ಅದೇ ಮೈಕನ್ನು ಕ್ಯಾಮೆರಾದ ತಲೆಗೆ ಸಿಕ್ಕಿಸಿದರೆ ಮಾತನಾಡುವವರ ಬೆನ್ನ ಹಿಂದಿನ ರಸ್ತೆಯೂ ನೇರ ಎದುರಿಗೇ ಬರುತ್ತದೆ. ಗಾಳಿಗೆ ಬರೀ ಸ್ಪಂಜಿನ ಟೋಪಿ ಸಾಲದು, ಜೆಪ್ಪೆಲಿನ್ ಎಂದು ಕರೆಯುವ ಪಂಜರವೂ ಅದರ ಮೇಲೆ ರೋಮದ ಹೊದಿಕೆಯೂ ಬೇಕು.

ಕೋಣೆಯೊಳಗೆ ಇದೇ ಗುಣ ದೋಷವಾಗಿ ತಿರುಗುತ್ತದೆ. ನಮ್ಮ ಇಂದಿನ ಮನೆಗಳ ಆರ್‌ಸಿಸಿ ತಾರಸಿ, ಟೈಲ್ಸ್ ನೆಲ, ನುಣುಪು ಗಾರೆಯ ಗೋಡೆ ಇವೆಲ್ಲ ಮಾತನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ತಾರಸಿಗೆ ಒಂದಡಿ ಅಂತರದಲ್ಲಿ ಬೂಮ್ ಹಿಡಿದಾಗ, ತುಟಿಯಿಂದ ನೇರವಾಗಿ ಬಂದ ಮಾತಿನ ಬೆನ್ನಿಗೇ ತಾರಸಿಗೆ ಬಡಿದು ಬಂದ ಅದೇ ಮಾತು ಸೀಳುಗಳನ್ನು ಹೊಕ್ಕು, ಅದರ ಮೇಲ್ಸ್ವರಗಳಲ್ಲಿ ಕೆಲವು ಅಳಿದು ಕೆಲವು ಉಳಿಯುವುದರಿಂದ ಧ್ವನಿ ಕೊಡದೊಳಗೆ ಬಾಯಿಟ್ಟು ಆಡಿದಂತೆ ಪೊಳ್ಳಾಗುತ್ತದೆ. ಮಾತನಾಡುವವರು ತುಸು ಮುಖ ತಿರುಗಿಸಿದರೂ, ಕುರ್ಚಿಯಲ್ಲಿ ಒಂದು ಗೇಣು ಸರಿದರೂ ಈ ಪೊಳ್ಳಿನ ಬಣ್ಣ ಬದಲಾಗುತ್ತದೆ, ಸಂಕಲನದಲ್ಲಿ ಅದನ್ನು ಸರಿಪಡಿಸುವುದು ಬಹಳ ಕಷ್ಟ. ಕೊಳವೆಯಿಲ್ಲದ ಚಿಕ್ಕ ಸೂಪರ್‌ಕಾರ್ಡಿಯಾಯ್ಡ್ ಮೈಕ್, ಅಂದರೆ ಎದುರಿನ ಧ್ವನಿಯನ್ನು ಹೆಚ್ಚಾಗಿ, ಪಕ್ಕದ್ದನ್ನು ಕಡಿಮೆಯಾಗಿ ಹಿಡಿಯುವ ಮೈಕ್, ಪಕ್ಕದ ಸದ್ದನ್ನು ಎಲ್ಲ ಸ್ವರಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಕುಗ್ಗಿಸುತ್ತದೆ. ಆಗ ಕೋಣೆ ಕೇಳಿಸಿದರೂ ಕೋಣೆಯಾಗಿಯೇ ಕೇಳಿಸುತ್ತದೆ. ಶೂಪ್ಸ್ ಎಂಕೆ 41, ಎಂಕೆಎಚ್ 50 ಮೊದಲಾದವು ಒಳಾಂಗಣದಲ್ಲಿ ಧ್ವನಿಗ್ರಾಹಕರ ಮೆಚ್ಚಿನವಾಗಿರುವುದಕ್ಕೆ ಇದೇ ಕಾರಣ.

416ನ್ನು ಧ್ವನಿಮುದ್ರಣ ಕೊಠಡಿಗಳಲ್ಲಿ ನಿರೂಪಣೆಗೆ ಯಶಸ್ವಿಯಾಗಿ ಬಳಸುತ್ತಾರಲ್ಲ ಎಂಬ ಆಕ್ಷೇಪ ಇದಕ್ಕೆ ಎದುರಾಗಬಹುದು. ಅಲ್ಲಿ ಗೋಡೆಗಳಿಗೆ ಧ್ವನಿ ಹೀರುವ ಹೊದಿಕೆಯಿರುತ್ತದೆ, ತುಟಿಗೂ ಮೈಕಿಗೂ ಗೇಣಿನ ಆಸುಪಾಸಿನ ಅಂತರವಷ್ಟೇ ಇರುತ್ತದೆ. ಹೀಗಾಗಿ ಆ ಉದಾಹರಣೆ ಹೊದಿಕೆಯಿಲ್ಲದ ಕೋಣೆಯಲ್ಲಿ ಆರಡಿ ದೂರದ ಕ್ಯಾಮೆರಾದ ಮೇಲೆ ಕೂತ ಮೈಕಿಗೆ ಅನ್ವಯಿಸುವುದಿಲ್ಲ. ಮೈಕಿಗೂ ಬಾಯಿಗೂ ನಡುವಿನ ದೂರ ಅರ್ಧವಾದರೆ ನೇರ ಧ್ವನಿಯ ಮಟ್ಟ 6 ಡೆಸಿಬೆಲ್ ಏರುತ್ತದೆ, ಕೋಣೆಯ ಅನುರಣನ ಮಾತ್ರ ಇದ್ದಷ್ಟೇ ಇರುತ್ತದೆ. ಯಾವ ದುಬಾರಿ ಕೊಳವೆಯೂ ಕೋಣೆಯಲ್ಲಿ ಇಷ್ಟು ನಿಚ್ಚಳವಾದ ಲಾಭವನ್ನು ಕೊಡಲಾರದು. ಆದ್ದರಿಂದ ಒಂದೇ ಮೈಕ್ ಕೊಳ್ಳುವಷ್ಟು ಹಣವಿದ್ದು, ಹೆಚ್ಚಿನ ಚಿತ್ರೀಕರಣ ಮನೆ, ತರಗತಿ, ಕಚೇರಿಗಳಲ್ಲೇ ನಡೆಯುವುದಾದರೆ, ಶಾಟ್‌ಗನ್ನಿನ ಆಸೆ ಬಿಟ್ಟು ಸೂಪರ್‌ಕಾರ್ಡಿಯಾಯ್ಡ್ ಮೈಕನ್ನೂ ಜೊತೆಗೊಂದು ಬೂಮ್ ಕೋಲನ್ನೂ ಕೊಳ್ಳುವುದು ಸರಿಯಾದ ಆಯ್ಕೆ.