ಪೆಂಡಾ ಎಣಿಸತೊಡಗಿದಾಗ

ಫ್ರೆಂಚರ ಆಳ್ವಿಕೆಯಲ್ಲಿದ್ದ ಪಶ್ಚಿಮ ಆಫ್ರಿಕಾದಲ್ಲಿ ಡಕಾರ್-ನೈಜರ್ ರೈಲ್ವೆಯ ನೌಕರರು 1947ರ ಅಕ್ಟೋಬರಿನಿಂದ ಮುಂದಿನ ಮಾರ್ಚ್‌ವರೆಗೆ ಮುಷ್ಕರ ಹೂಡಿದ್ದರು. ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಅದನ್ನು ಫ್ರೆಂಚಿನಲ್ಲಿ ಕಾದಂಬರಿಯಾಗಿಸಿದ್ದು 1960ರಲ್ಲಿ. ಇಂಗ್ಲಿಷಿನಲ್ಲಿ ಅದು ‘ಗಾಡ್ಸ್ ಬಿಟ್ಸ್ ಆಫ್ ವುಡ್’. ಮುಷ್ಕರದ ಕಾದಂಬರಿಯೆಂದರೆ ಬಾವುಟ, ಭಾಷಣ ಎಂದುಕೊಂಡವರಿಗೆ ಇಲ್ಲಿ ಅಚ್ಚರಿ ಕಾದಿದೆ. ಕಥೆಗೆ ಕಾವೇರುವುದು ಅಡುಗೆಮನೆಯಲ್ಲಿ.

ನಲ್ಲಿಯಲ್ಲಿ ನೀರಿಲ್ಲ, ಅಂಗಡಿಯಲ್ಲಿ ಸಾಲ ಹುಟ್ಟುವುದಿಲ್ಲ. ಡಕಾರ್‌ನ ರಮತುಲಾಯೆ ಕೇರಿಯ ಮಕ್ಕಳ ಹೊಟ್ಟೆಗೇನು ಎಂಬ ಚಿಂತೆಯಲ್ಲಿದ್ದಾಳೆ. ಸಿರಿವಂತ ಸಹೋದರನ ಕೊಬ್ಬಿದ ಟಗರು ಮನೆಗೆ ನುಗ್ಗಿ, ಇದ್ದಬದ್ದ ಅಕ್ಕಿಗೂ ಬಾಯಿ ಹಾಕುತ್ತದೆ. ಅವಳು ಅದನ್ನು ಕಡಿದು ಎಲ್ಲರಿಗೂ ಹಂಚುತ್ತಾಳೆ. ವಿಚಾರಿಸಲು ಬಂದ ಪೊಲೀಸರನ್ನು ಹೆಂಗಸರು ಮರಳು ತುಂಬಿದ ಬಾಟಲಿಗಳಿಂದ ಎದುರಿಸುತ್ತಾರೆ. ಯಾರೂ ಅವಳನ್ನು ನಾಯಕಿಯಾಗಿ ಆರಿಸಿರಲಿಲ್ಲ.

ಥಿಯೆಸ್‌ನ ಪೆಂಡಾಳದು ಇನ್ನೂ ವಿಚಿತ್ರ. ಊರು ಅವಳನ್ನು ಸೂಳೆಯೆಂದು ದೂರವಿಟ್ಟಿತ್ತು. ಮುಷ್ಕರದಲ್ಲಿ ಪಡಿ ಹಂಚುವ ಕೆಲಸ ವಹಿಸಿಕೊಂಡ ಅವಳು, ಮೈ ಮುಟ್ಟಿದ ಕಾರ್ಮಿಕನೊಬ್ಬನ ಕೆನ್ನೆಗೆ ಎಲ್ಲರೆದುರೇ ಬಾರಿಸುತ್ತಾಳೆ. ಹೆಂಗಸರನ್ನು ಡಕಾರ್‌ಗೆ ಸುಮಾರು 70 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಹೊರಡಿಸುವವಳೂ ಅವಳೇ. ದಾರಿಯಲ್ಲಿ ಕೆಲವರು ಮುಷ್ಕರವೂ ಬೇಡ, ಡಕಾರೂ ಬೇಡ ಎಂದು ಕುಳಿತುಬಿಡುತ್ತಾರೆ. ಗೋಗರೆಯುವುದು ಪೆಂಡಾಳ ಜಾಯಮಾನವಲ್ಲ. ಬೆರಳು ತೋರಿಸಿ ಒಬ್ಬೊಬ್ಬರನ್ನೇ ಎಣಿಸತೊಡಗುತ್ತಾಳೆ. ಎಣಿಸಿದರೆ ಆಯುಸ್ಸು ಮುಗಿಯುತ್ತದೆಂಬುದು ಅಲ್ಲಿನವರ ನಂಬಿಕೆ. ಶಪಿಸುತ್ತಲೇ ಎಲ್ಲರೂ ಎದ್ದು ನಿಲ್ಲುತ್ತಾರೆ. ಇಂಥ ಪುಟವೊಂದು ಹತ್ತು ಘೋಷಣೆಗಳಿಗಿಂತ ಹೆಚ್ಚು ಹೇಳುತ್ತದೆ: ತನ್ನ ಜನರ ಭಯ ಯಾವುದು, ಹಟ ಎಲ್ಲಿ ಮುರಿಯುತ್ತದೆ ಎಂಬ ಅರಿವೇ ಪೆಂಡಾಳ ಬಂಡವಾಳ.

ಆದರೆ ಡಕಾರ್‌ನ ಹೊಸ್ತಿಲಲ್ಲಿ ಸೆಂಬೆನ್ ಅವಳನ್ನು ಗುಂಡಿಗೆ ಬಲಿಕೊಡುತ್ತಾನೆ. ಗೆಲುವಿನ ಮೇಲೆ ಹಕ್ಕು ಸಾಧಿಸಲು ಪೆಂಡಾ ಉಳಿಯುವುದಿಲ್ಲ. ದಿಟ್ಟೆಯನ್ನು ಸೃಷ್ಟಿಸಿ ಹುತಾತ್ಮಳಾಗಿಸುವುದು ಗಂಡು ಕಾದಂಬರಿಕಾರರಿಗೆ ಸಲೀಸು ಎಂಬ ಗುಮಾನಿ ಇಲ್ಲಿ ಏಳದಿರದು.

ನೈಜೀರಿಯಾದ ಫ್ಲೋರಾ ನ್ವಾಪಾ ಈ ದಾರಿ ಹಿಡಿಯಲಿಲ್ಲ. 1966ರಲ್ಲಿ ಬಂದ ಅವಳ ‘ಎಫುರು’ ಕಾದಂಬರಿಯಲ್ಲಿ ಗುಂಡೂ ಇಲ್ಲ, ಮೆರವಣಿಗೆಯೂ ಇಲ್ಲ. ವಧುದಕ್ಷಿಣೆ ತೆರಲಾಗದವನನ್ನು ಎಫುರು ತಾನೇ ಮೆಚ್ಚಿ ಸೇರುತ್ತಾಳೆ. ಅವನು ಬಿಟ್ಟುಹೋದ ಮೇಲೆ ಮತ್ತೊಂದು ಮದುವೆ. ಅಲ್ಲಿ ಹಾದರದ ಸುಳ್ಳು ಆರೋಪ. ಒಬ್ಬಳೇ ಮಗಳೂ ತೀರಿಕೊಂಡಿದ್ದಾಳೆ. ಆದರೂ ವ್ಯಾಪಾರ ನಿಲ್ಲುವುದಿಲ್ಲ, ಕಷ್ಟದಲ್ಲಿದ್ದವರಿಗೆ ಸಾಲ ಕೊಡುವುದೂ ನಿಲ್ಲುವುದಿಲ್ಲ. ಮುಂದೆ ನ್ವಾಪಾ ತಾನ ಪ್ರೆಸ್ ಎಂಬ ಸ್ವಂತ ಪ್ರಕಾಶನವನ್ನೇ ತೆರೆದಳು. ವ್ಯಾಪಾರದಲ್ಲಿ ಅವಳು ತನ್ನ ನಾಯಕಿಗೆ ಸೋತವಳಲ್ಲ.