ಹಾಲು ಬೇಡ, ಸರಿ ಬೇಕು

ಎಂಟು ತಿಂಗಳ ಕೂಸು. ಎದೆಗಿಟ್ಟುಕೊಂಡರೆ ನಾಲ್ಕು ಗುಟುಕು ಕುಡಿದು ಅತ್ತ ಹೊರಳುತ್ತದೆ. ಒಳಲೆ ಕಂಡರಂತೂ ತುಟಿ ಬಿಗಿಹಿಡಿದು ಕೂರುತ್ತದೆ. ಅದೇ ಅಡುಗೆಮನೆಯಲ್ಲಿ ರಾಗಿ ಸರಿ ಕುದಿಯುವ ವಾಸನೆ ಎದ್ದಿತೋ, ಅಂಬೆಗಾಲಿಟ್ಟುಕೊಂಡು ಹೊಸ್ತಿಲಿಗೇ ಹಾಜರು. ಇಂಥ ಮಗುವಿರುವ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ‘ಹಾಲು ಕುಡೀದೆ ಮೂಳೆ ಹೇಗಮ್ಮಾ ಗಟ್ಟಿಯಾಗುತ್ತೆ’ ಅನ್ನುವುದು ಒಂದು ಪಕ್ಷ. ‘ತಿನ್ನೋ ಮಗು, ತಿನ್ನಲಿ ಬಿಡಿ’ ಅನ್ನುವುದು ಇನ್ನೊಂದು. ಅಡುಗೆಯ ಅಂಕಣ ಬರೆಯುವ ನನ್ನ ಓಟು ಕೂಸಿಗೇ. ಆದರೆ ಸರಿ ಹದವಾಗಿರಬೇಕು, ಹಾಲಿಗೂ ದಿನದಲ್ಲಿ ಜಾಗ ಉಳಿದಿರಬೇಕು.

ಈ ವಯಸ್ಸಿನ ಮಗುವಿಗೆ ಲೋಕ ಆಗಷ್ಟೇ ಕಣ್ಣಿಗೆ ಬಿದ್ದಿರುತ್ತದೆ. ಕುಕ್ಕರ್ ಕೂಗಿದರೆ, ಬಾಗಿಲು ಕಿರ್ರೆಂದರೆ, ಅಣ್ಣ ಓಡಿದರೆ ಹಾಲು ಬಿಟ್ಟು ಅತ್ತ ತಿರುಗುತ್ತದೆ. ಬೆಳಕು ತಗ್ಗಿಸಿದ ಕೋಣೆಯಲ್ಲಿ, ನಿದ್ದೆಯಿಂದ ಏಳುತ್ತಿದ್ದಂತೆಯೇ ಕುಡಿಸಿದರೆ ಅದೇ ಮಗು ಹೊಟ್ಟೆ ತುಂಬ ಕುಡಿಯುವುದುಂಟು. ಹಾಗಾಗಿ ‘ಹಾಲು ಬಿಟ್ಟಿತು’ ಎಂದು ತೀರ್ಪು ಕೊಡಲು ಅವಸರ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 6ರಿಂದ 12 ತಿಂಗಳವರೆಗೆ ಮಗುವಿಗೆ ಬೇಕಾದ ಶಕ್ತಿಯ ಅರ್ಧ ಅಥವಾ ಅದಕ್ಕೂ ಹೆಚ್ಚನ್ನು ಎದೆಹಾಲೇ ಕೊಡಬಲ್ಲದು. ಎರಡನೆಯ ವರ್ಷದಲ್ಲೂ ಮೂರರಲ್ಲೊಂದು ಪಾಲು. ಉಳಿದದ್ದು ಬಟ್ಟಲಿನಿಂದ ಬರಬೇಕು: 6–8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ, 9–11ರಲ್ಲಿ 300, ವರ್ಷ ದಾಟಿದ ಮೇಲೆ 550.

ಈಗ ಬಟ್ಟಲಿಗೆ ಬರೋಣ. ಕೂಸಿನ ಹೊಟ್ಟೆ ಹಿಡಿಯುವುದು ಒಂದು ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಎಂಟು ಕಿಲೋ ಮಗುವಿಗೆ ಒಂದು ದೊಡ್ಡ ಲೋಟ, ಅಷ್ಟೆ. ಆ ಲೋಟವನ್ನು ನೀರು ನೀರಾದ ಗಂಜಿಯಿಂದ ತುಂಬಿಸಿದರೆ ಹೊಟ್ಟೆ ಉಬ್ಬುತ್ತದೆ, ಮೈಗೆ ಹತ್ತುವುದಿಲ್ಲ. ಗಟ್ಟಿ ಮಾಡೋಣವೆಂದರೆ ರಾಗಿಯ ಪಿಷ್ಟ ನೀರು ಹೀರಿಕೊಂಡು ಮುದ್ದೆಗಟ್ಟುತ್ತದೆ, ಮಗುವಿನ ಗಂಟಲಿಗೆ ಇಳಿಯುವುದಿಲ್ಲ. ನಮ್ಮ ಹೆಂಗಸರು ಈ ಇಕ್ಕಟ್ಟಿನಿಂದ ಪಾರಾದದ್ದು ಮೊಳಕೆ ಕಟ್ಟಿ. ರಾಗಿ ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಂಟಲಿಗೆ ಸಲೀಸಾಗಿ ಇಳಿಯುವಷ್ಟು ಸಡಿಲವಾಗಿ ಉಳಿಯುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐನ ಆಹಾರ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿಗೆ ಮೊಳಕೆ ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ರೂಪಿಸಿದ್ದು ಇದೇ ಗುಣವನ್ನು ನಂಬಿ. ಕಾಳು ಸೇರಿದ್ದರಿಂದ ಪ್ರೋಟೀನೂ ಬಂತು.

ಮಾಡುವ ಕ್ರಮ ಗೊತ್ತಿದ್ದವರೂ ಎಡವುವುದು ಹುರಿಯುವಾಗ. ರಾತ್ರಿ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ದಾರದೆಳೆಯಂಥ ಬಿಳಿ ಮೊಳಕೆ ಇಣುಕುತ್ತದೆ. ಇನ್ನೂ ಉದ್ದವಾಗಲೆಂದು ಕಾದರೆ ಹುಳಿ ವಾಸನೆ. ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಘಮ ಏಳುತ್ತಲೇ ಇಳಿಸಿಬಿಡಿ. ಕಪ್ಪಾಗುವಷ್ಟು ಹುರಿದರೆ ಕಷ್ಟಪಟ್ಟು ಹುಟ್ಟಿಸಿದ ಕಿಣ್ವ ಸುಟ್ಟುಹೋಗುತ್ತದೆ, ಮೊಳಕೆ ಕಟ್ಟಿದ ಶ್ರಮವೆಲ್ಲ ದಂಡ. ಆಮೇಲೆ ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಜರಡಿ ಸಾಲದು, ಜರಡಿಯಿಂದಿಳಿದ ಹೊಟ್ಟು ಎಳೆ ನಾಲಿಗೆಗೆ ಮರಳು. ಕರಾವಳಿಯವರು ಈ ತಾಪತ್ರಯವನ್ನೇ ಇಟ್ಟುಕೊಳ್ಳುವುದಿಲ್ಲ. ನೆನೆದ ರಾಗಿ ಅರೆದು, ಬಟ್ಟೆಯಲ್ಲಿ ಹಿಂಡಿ, ಬೂದು ಬಣ್ಣದ ಆ ಹಾಲನ್ನು ಕೈ ಬಿಡದೆ ತಿರುವಿ ಮಣ್ಣಿ ಮಾಡುತ್ತಾರೆ. ಬಣ್ಣ ಕಂದಿಗೆ ತಿರುಗಿ ಮೇಲೆ ಹೊಳಪು ಬಂದಾಗ ಅರ್ಧ ಚಮಚ ತುಪ್ಪ. ನುಣುಪಿನಲ್ಲಿ ಮಣ್ಣಿಯೇ ಮೇಲು ಎಂದು ಹಳೇ ಮೈಸೂರಿನವರ ಎದುರು ಹೇಳಿ ಬೈಸಿಕೊಳ್ಳಲೂ ನಾನು ತಯಾರು.

ಬೆಲ್ಲ? ವರ್ಷ ತುಂಬುವವರೆಗೆ ಬೇಡ, ಉಪ್ಪೂ ಬೇಡ. ರುಚಿ ನಮಗೆ ಸಪ್ಪೆ, ಕೂಸಿಗಲ್ಲ. ಜೇನುತುಪ್ಪವನ್ನಂತೂ ವರ್ಷದೊಳಗೆ ನಾಲಿಗೆಗೆ ಸವರುವುದೂ ತಪ್ಪು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆ ಕರುಳಿಗೆ ಅಪಾಯ.

ಇನ್ನು ಕ್ಯಾಲ್ಸಿಯಂ. ರಾಗಿ ಪಕ್ಷದವರು ಎದೆಯುಬ್ಬಿಸಿ ಹೇಳುವ ಮಾತು ನಿಜ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ, ಹಸುವಿನ ಹಾಲಿನಲ್ಲಿ ಸುಮಾರು 120. ಆದರೆ ಕೂಸು ಒಂದು ಹೊತ್ತಿಗೆ ತಿನ್ನುವ ಸರಿಯಲ್ಲಿ ಹಿಟ್ಟು 20 ಗ್ರಾಂ ಇದ್ದರೆ ಹೆಚ್ಚು. ಅಂದರೆ 70 ಮಿ.ಗ್ರಾಂ. ಅದರಲ್ಲೂ ರಾಗಿಯ ಫೈಟೇಟ್ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ, ಪೂರ್ತಿ ಬಿಡುವುದಿಲ್ಲ. ಹಾಗಾಗಿ ಸರಿಯನ್ನು ಹಾಲಿನ ಬದಲಿ ಅನ್ನಲು ನಾನು ಒಪ್ಪೆ.

ಹಾಲು ಬೇಡವೆನ್ನುವ ಮಗುವಿಗೆ ಹಾಲನ್ನು ಬಟ್ಟಲಿನ ದಾರಿಯಲ್ಲೇ ಕಳಿಸಬಹುದು. ಹಿಂಡಿ ತೆಗೆದ ಎದೆಹಾಲನ್ನೋ ಫಾರ್ಮುಲಾವನ್ನೋ ಇಳಿಸಿ ಆರಿದ ಸರಿಗೆ ಕಲಸಿ. ಮಧ್ಯಾಹ್ನದ ಮೆತ್ತನೆ ಅನ್ನ-ಬೇಳೆಯ ಜೊತೆ ಎರಡು ಚಮಚ ಗಟ್ಟಿ ಮೊಸರು. ಮೊದಲು ಹಾಲು, ಸ್ವಲ್ಪ ಹೊತ್ತು ಬಿಟ್ಟು ಸರಿ. ಹೊಟ್ಟೆ ತುಂಬಿದ ಮೇಲೆ ಯಾವ ಮಗು ಹಾಲು ಕುಡಿದೀತು? ಹಸುವಿನ ಹಾಲನ್ನೇ ಲೋಟಗಟ್ಟಲೆ ಕುಡಿಸುವುದಕ್ಕೆ ಮಕ್ಕಳ ವೈದ್ಯರು ವರ್ಷ ತುಂಬಲಿ ಅನ್ನುತ್ತಾರೆ. ತುಂಬಿದ ಮೇಲೂ ದಿನಕ್ಕೆ ಅರ್ಧ ಲೀಟರ್ ಸಾಕೇಸಾಕು. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ; ಅದರಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಮಗು ಬಿಳಿಚಿಕೊಳ್ಳುತ್ತದೆ. ಹಾಲು ಕುಡಿಯದ ಕೂಸಿನ ಬಗ್ಗೆ ಗೋಳಾಡುವ ಮನೆಗಳಲ್ಲಿ, ಹಾಲು ಬಿಟ್ಟು ಬೇರೇನೂ ಮುಟ್ಟದ ಎರಡು ವರ್ಷದ ಮಗುವಿನ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಅದು ನನಗೆ ಸೋಜಿಗ.

ಒಂದು ಹಳೇ ಪದ್ಧತಿಯ ಮೇಲೆ ಮಾತ್ರ ನನಗೆ ಸಿಟ್ಟು. ಕಾಲು ಚಾಚಿ, ಮಗುವನ್ನು ಅಂಗಾತ ಮಲಗಿಸಿ, ಕೈ ಒತ್ತಿಹಿಡಿದು ಒಳಲೆಯಿಂದ ಗಂಟಲಿಗೆ ಸುರಿಯುವುದು. ಉಸಿರಿನ ದಾರಿಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಹೋಗದಿದ್ದರೂ ಹಾಲಿನ ಮೇಲೆ ಜನ್ಮದ ವೈರ. ನೆಟ್ಟಗೆ ಕೂರಿಸಿ, ಸಣ್ಣ ಚಮಚ ತುಟಿಗೆ ತಾಗಿಸಿ, ಬಾಯಿ ತೆರೆಯುವವರೆಗೆ ಕಾಯಿರಿ. ಸರಿ ಸುರಿಯದೆ ಚಮಚದ ಮೇಲೆ ನಿಲ್ಲುವಷ್ಟು ಗಟ್ಟಿ ಇದ್ದರೆ ಹದ ಬಂತು.

ಅಂಗನವಾಡಿಯ ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಏರುತ್ತಿದ್ದರೆ, ಮಗು ಆಡಿಕೊಂಡಿದ್ದರೆ ನಿಶ್ಚಿಂತೆಯಾಗಿರಿ. ಗೆರೆ ಬಾಗಿತೋ, ಉಚ್ಚೆ ಕಡಿಮೆಯಾಯಿತೋ, ಹಾಲಿನ ಜೊತೆ ಸರಿಯನ್ನೂ ತಳ್ಳಿತೋ, ಅಡುಗೆಯ ಅಂಕಣ ಓದುತ್ತ ಕೂರಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ.